ಕಿವಿಗೆ ಕಣ್ಣು ಹೇಳುವ ಚಾಡಿ

ದೀಪಗಳಿಂದ ಝಗಝಗಿಸುವ ಅಂಗಡಿ. ಮಗಳು ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದರೆ ತಂತಿಯಿಲ್ಲದ ಹೆಡ್‌ಫೋನ್ ಕೊಡಿಸುವುದಾಗಿ ತಂದೆ ಮಾತು ಕೊಟ್ಟಿದ್ದರು. ಮಾತು ನಡೆಸುವ ದಿನ ಬಂದಿದೆ. ಮಗಳು ಒಂದನ್ನು ತಲೆಗೇರಿಸಿ ಒಂದು ನಿಮಿಷ ಕೇಳುತ್ತಾಳೆ. ಅದನ್ನಿಳಿಸಿ ಮತ್ತೊಂದನ್ನು ಏರಿಸುತ್ತಾಳೆ. “ಅಪ್ಪಾ, ಇದೇ ಚೆನ್ನ!” ಎಂಬ ತೀರ್ಪು ಹೊರಬೀಳುತ್ತದೆ. ತಂದೆ ಬೆಲೆಯ ಚೀಟಿಯನ್ನು ತಿರುವಿ ನೋಡಿ ಉಗುಳು ನುಂಗುತ್ತಾರೆ. ಎರಡು ತಿಂಗಳ ಮನೆಬಾಡಿಗೆಯಷ್ಟು ಹಣ ಕೈದಾಟಿ ಹೋಗುತ್ತದೆ.

ಆ ಒಂದು ನಿಮಿಷದಲ್ಲಿ ತೀರ್ಪು ಕೊಟ್ಟವರಾರು? ಕಿವಿಯೆ? ಕಣ್ಣೆ? ಬೆಲೆಯ ಚೀಟಿಯೆ? ನ್ಯಾಯಪೀಠದಲ್ಲಿ ಕುಳಿತಿರುವುದು ಕಿವಿಯೇನೋ ನಿಜ. ಆದರೆ ಆ ನ್ಯಾಯಾಧೀಶನಿಗೆ ಚಾಡಿ ಹೇಳುವವರು ಹಲವರು ಎಂಬುದು ನಾದವನ್ನು ಅಳೆದು ತೂಗುವ ವಿಜ್ಞಾನಿಗಳು ಕಂಡುಕೊಂಡ ಸಂಗತಿ.

ಅಡಿಗೆಮನೆಯಿಂದ ವಿಮಾನದವರೆಗೆ

ಹೆಡ್‌ಫೋನಿನ ಕಥೆ ಸ್ವಾರಸ್ಯವಾದುದು. ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಅಡಿಗೆಮನೆಯಲ್ಲಿ ಕುಳಿತು ತಯಾರಿಸಿದ ಸಾಧನವನ್ನು 1910ರಲ್ಲಿ ಆ ದೇಶದ ನೌಕಾಪಡೆ ಕೊಂಡುಕೊಂಡಿತು. ಆಗ ಅದು ಸಂದೇಶ ಕೇಳುವ ಉಪಕರಣ ಮಾತ್ರ. 1958ರಲ್ಲಿ ಜಾನ್ ಕಾಸ್ ಸ್ಟೀರಿಯೋ ಹೆಡ್‌ಫೋನನ್ನು ಹೊರತಂದ ಮೇಲೆ ಅದು ಸಂಗೀತಪ್ರಿಯರ ಮನೆಗಳನ್ನು ಹೊಕ್ಕಿತು.

1978ರಲ್ಲಿ ಪ್ರೊಫೆಸರ್ ಅಮರ್ ಬೋಸ್ ಜ್ಯೂರಿಚ್‌ನಿಂದ ಬಾಸ್ಟನ್ನಿಗೆ ವಿಮಾನದಲ್ಲಿ ಹೊರಟಿದ್ದರು. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅವರು. ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಸಂಗೀತ ಕೇಳಹೋದರೆ, ಎಂಜಿನ್ನಿನ ಮೊರೆತದಲ್ಲಿ ಅದೆಲ್ಲವೂ ಮುಳುಗಿಹೋಯಿತು. ಬೇಸತ್ತ ಪ್ರೊಫೆಸರು ಕಾಗದ ಹಿಡಿದು ಲೆಕ್ಕ ಹಾಕತೊಡಗಿದರು. ಹೊರಗಿನ ಸದ್ದನ್ನು ಪುಟ್ಟ ಮೈಕ್ರೊಫೋನಿನಿಂದ ಹಿಡಿದು, ಅದರ ಅಲೆ ಏರುವಲ್ಲಿ ಇಳಿಯುವಂಥ ಪ್ರತಿ‑ಅಲೆಯೊಂದನ್ನು ಕಿವಿಯ ಬಳಿ ಹುಟ್ಟಿಸಿದರೆ ಎರಡೂ ಕೂಡಿ ಅಡಗುವುವು ಎಂಬುದೇ ಆ ಲೆಕ್ಕದ ತಿರುಳು. ಇಂದಿನ ಬೆಲೆಬಾಳುವ ತಂತಿರಹಿತ ಹೆಡ್‌ಫೋನುಗಳು ಈ ವಿದ್ಯೆಯನ್ನು ಬಲ್ಲವು. ಸುತ್ತಲಿನ ಮೊರೆತ ಅಡಗಿದರೆ ಸಂಗೀತದ ಮಂದ್ರಸ್ವರಗಳು ತಾವಾಗಿಯೇ ಮೇಲೆ ಬರುತ್ತವೆ.

ಮೊದಲನೆಯ ಚಾಡಿ: ಸದ್ದಿನದು

1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಕಿವಿಯ ಒಂದು ಸ್ವಭಾವವನ್ನು ಅಳೆದು ಪ್ರಕಟಿಸಿದರು. ಸದ್ದು ಸಣ್ಣದಿದ್ದಾಗ, ವಿಶೇಷವಾಗಿ ಮಂದ್ರದ ಸ್ವರಗಳು, ಕಿವಿಗೆ ಸರಿಯಾಗಿ ಮುಟ್ಟುವುದಿಲ್ಲ. ಸದ್ದು ಏರಿದಂತೆ ಅವು ತುಂಬಿಕೊಂಡು ಬರುತ್ತವೆ. ಆದ್ದರಿಂದ ಎರಡು ಹೆಡ್‌ಫೋನುಗಳಲ್ಲಿ ಒಂದು ಒಂದೆರಡು ಡೆಸಿಬೆಲ್‌ನಷ್ಟು ಮುಂದಿದ್ದರೂ ಸಾಕು. ಕೇಳುವವರಿಗೆ ಅದು ಜೋರೆನಿಸುವ ಬದಲು ಇಂಪೆನಿಸಿಬಿಡುವುದು. ಅಂಗಡಿಯ ಸ್ಪರ್ಧೆಯಲ್ಲಿ ಗಟ್ಟಿ ಗಂಟಲಿನದೇ ಗೆಲ್ಲುವುದುಂಟು.

ಎರಡನೆಯ ಚಾಡಿ: ಕಣ್ಣಿನದು

ಕಣ್ಣಿನ ಪಕ್ಷಪಾತವನ್ನು ತಪ್ಪಿಸಲು ಅಮೆರಿಕದ ಹಾರ್ಮನ್ ಸಂಸ್ಥೆಯ ಶಾನ್ ಆಲಿವ್, ಟಾಡ್ ವೆಲ್ಟಿ ಮೊದಲಾದವರು 2012ರಲ್ಲಿ ಒಂದು ಉಪಾಯ ಹೂಡಿದರು. ಕೇಳುಗರನ್ನು ಕುಳ್ಳಿರಿಸಿ, ಹಿಂದಿನಿಂದ ಬಂದು ತಲೆಗೆ ಹೆಡ್‌ಫೋನ್ ತೊಡಿಸುವುದು. ಅದು ಯಾವ ಕಂಪೆನಿಯದು, ಎಷ್ಟು ಬೆಲೆಯದು ಎಂಬುದನ್ನು ತಿಳಿಯಗೊಡದಿರುವುದು. ತೂಕದಿಂದಲೂ ಗುರುತು ಹತ್ತಬಾರದೆಂದು, ಮುಂದಿನ ಪ್ರಯೋಗಗಳಲ್ಲಿ ಬಗೆಬಗೆಯ ಹೆಡ್‌ಫೋನುಗಳ ಧ್ವನಿಯನ್ನು ಒಂದೇ ಹೆಡ್‌ಫೋನಿನಲ್ಲಿ ಅನುಕರಿಸಿ ಕೇಳಿಸಿದರು.

ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಧ್ವನಿವರ್ಧಕ ನುಡಿದಂತೆ, ಮಂದ್ರ ಮಧ್ಯ ತಾರಗಳು ಹದವಾಗಿ ಬೆರೆತ ಧ್ವನಿಯನ್ನೇ ಬಹುಮಂದಿ ಮೆಚ್ಚಿದರು. ನೂರಕ್ಕೆ 64 ಮಂದಿ ಈ ಹದವನ್ನು ಒಪ್ಪಿದರೆ, 15 ಮಂದಿ ಮಂದ್ರ ಇನ್ನಷ್ಟು ಬೇಕೆಂದರು; 21 ಮಂದಿ ಅದು ತಗ್ಗಲಿ ಎಂದರು. ತಗ್ಗಲಿ ಎಂದವರಲ್ಲಿ ಹೆಂಗಸರೂ ಐವತ್ತು ದಾಟಿದವರೂ ಹೆಚ್ಚು. ಮಗ ಮೆಚ್ಚುವ ‘ಧಿಂ ಧಿಂ’ ತಾಯಿಗೆ ತಲೆನೋವಾಗುವುದಕ್ಕೆ ಹೀಗೊಂದು ಶಾಸ್ತ್ರಾಧಾರವೂ ಉಂಟು!

ಇನ್ನು ಬೆಲೆಯ ಮಾತು. ಯೆರೂನ್ ಬ್ರೇಬಾರ್ಟ್ ಎಂಬವರು 283 ಹೆಡ್‌ಫೋನುಗಳನ್ನು ಅಳೆದು, ಧ್ವನಿಯ ಹದಕ್ಕೂ ಬೆಲೆಗೂ ನಂಟು ಕಾಣದೆಂದು 2017ರಲ್ಲಿ ಪ್ರಕಟಿಸಿದರು.

ಮೂರನೆಯ ಚಾಡಿ: ಅಂಕಿಗಳದು

ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳಿಗೂ ಮರುಳಾಗುವವರಿದ್ದಾರೆ. ಸಿ.ಡಿ. ತಟ್ಟೆಯ ಸಂಗೀತ ಸೆಕೆಂಡಿಗೆ 1,411 ಕಿಲೋಬಿಟ್‌ನಷ್ಟು ವಿವರಗಳ ಹೊರೆ. ಬ್ಲೂಟೂತಿನ ಹಾದಿ ಸಾಮಾನ್ಯವಾಗಿ ಅಷ್ಟು ವಿಶಾಲವಲ್ಲ. ಆದಕಾರಣ ಒಂದು ಸ್ವರದ ಅಬ್ಬರದಲ್ಲಿ ಮರೆಯಾಗಿ ಹೇಗೂ ಕಿವಿಗೆ ಬೀಳದ ವಿವರಗಳನ್ನು ಕಳೆದು, ಹೊರೆಯನ್ನು ಹಗುರಮಾಡಿ ಕಳುಹಿಸುತ್ತಾರೆ. ಸೋನಿ ಕಂಪೆನಿಯ ಎಲ್‌ಡಿಎಸಿ ವಿಧಾನದಲ್ಲಿ ಹೆಚ್ಚೆಂದರೆ 990 ಕಿಲೋಬಿಟ್ ಸಾಗುವುದು. ಆಪಲ್ ಅನುಸರಿಸುವ ಎಎಸಿ ವಿಧಾನದಲ್ಲಿ ಸುಮಾರು 256. ಅಂಕಿಯಲ್ಲಿ ಅಜಗಜಾಂತರ, ಕಿವಿಗೆ ತಿಳಿಯುವ ಅಂತರ ಬಹು ಸೂಕ್ಷ್ಮ.

2020ರಲ್ಲಿ ಮಾರುಕಟ್ಟೆಗೆ ಬಂದ ಎರಡು ಮಾದರಿಗಳನ್ನು ಎದುರೆದುರು ಇಟ್ಟರೆ ಇದು ಸ್ಪಷ್ಟವಾಗುವುದು. ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ4 ಭಾರತದಲ್ಲಿ 29,990 ರೂಪಾಯಿಗೆ ಬಿಡುಗಡೆಯಾಯಿತು. ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ 59,900ಕ್ಕೆ. 990ರ ಹೆದ್ದಾರಿ ಇದ್ದುದು ಸೋನಿಯಲ್ಲಿ. ಆದರೂ ಪೆಟ್ಟಿಗೆಯಿಂದ ತೆಗೆದಂತೆಯೇ ಕೇಳಿದರೆ ಅದರ ಮಂದ್ರ ಉಬ್ಬಿಕೊಂಡು ಗಾಯಕರ ಕಂಠಕ್ಕೆ ಮುಸುಕು ಹಾಕುತ್ತಿತ್ತು. ಆಪಲ್‌ನದು ಕಿವಿಯ ಬಳಿಯ ಮೈಕ್ರೊಫೋನಿನಿಂದ ತನ್ನ ಧ್ವನಿಯನ್ನು ತಾನೇ ಕೇಳಿಕೊಂಡು ತಿದ್ದಿಕೊಳ್ಳುವ ಯಂತ್ರ. ಹದಕ್ಕೆ ಅದೇ ಹತ್ತಿರ. ಆದರೆ ಅದರ ಭಾರ 385 ಗ್ರಾಂ, ಸೋನಿಯದು 254. ಅಲ್ಲದೆ ಸೋನಿಗೆಂದೇ ಇರುವ ಮೊಬೈಲ್ ಆ್ಯಪಿನಲ್ಲಿ ಸ್ವರಗಳನ್ನು ಏರಿಳಿಸುವ ಅನುಕೂಲವಿತ್ತು. ಮಂದ್ರವನ್ನು ಕೊಂಚ ತಗ್ಗಿಸಿದರೆ ಕಂಠ ತಿಳಿಯಾಗಿ, ಮೂವತ್ತು ಸಾವಿರ ರೂಪಾಯಿಯ ಅಂತರದ ಬಹುಭಾಗ ಬೆರಳ ತುದಿಯಲ್ಲೇ ಕರಗಿಹೋಗುತ್ತಿತ್ತು. ಐಫೋನ್ ಉಳ್ಳವರಿಗಂತೂ ಆ 990ರಿಂದ ಏನೂ ಲಾಭವಿರಲಿಲ್ಲ. ಐಫೋನ್ ಎಲ್‌ಡಿಎಸಿಯನ್ನು ಕಳುಹಿಸುವುದೇ ಇಲ್ಲ.

ನ್ಯಾಯವಾದ ಪರೀಕ್ಷೆ

ಹಾಗಾದರೆ ಕೊಳ್ಳುವವರು ಮಾಡಬೇಕಾದುದೇನು? ಪ್ರಯೋಗಾಲಯ ಬೇಕಿಲ್ಲ, ಸಹನೆ ಬೇಕು. ಬಾಲ್ಯದಿಂದ ಕೇಳಿ ಪರಿಚಿತವಾದ ಒಂದು ಹಾಡನ್ನು ಆರಿಸಿಕೊಳ್ಳಬೇಕು. ಎರಡು ಹೆಡ್‌ಫೋನುಗಳಲ್ಲೂ ಸದ್ದಿನ ಮಟ್ಟ ಒಂದೇ ಇರುವಂತೆ ಹೊಂದಿಸಬೇಕು. ಹೊರಗಿನ ಗದ್ದಲವನ್ನಡಗಿಸುವ ಗುಂಡಿಯನ್ನು ಎರಡರಲ್ಲೂ ಒತ್ತಬೇಕು, ಇಲ್ಲವೆ ಎರಡರಲ್ಲೂ ಬಿಡಬೇಕು. ಕನ್ನಡಕದ ಕಡ್ಡಿಯಾಗಲಿ ಕೂದಲಾಗಲಿ ಮೆತ್ತೆಯ ಕೆಳಗೆ ಸಿಕ್ಕಿದರೆ ಅಲ್ಲಿ ಸಂದು ಬಿಟ್ಟು ಮಂದ್ರ ಸೋರಿಹೋಗುವುದು, ಅದನ್ನೂ ಗಮನಿಸಬೇಕು.

ಆಮೇಲೆ ಕೇಳಬೇಕು. ತಂಬೂರಿಯ ಮಂದ್ರ ಷಡ್ಜ ಗುಡುಗದೆ ತುಂಬಿ ನಿಂತಿದೆಯೆ? ಮೃದಂಗದ ಎಡದ ಗುಂಕಾರ ಬಂದು ಅಲ್ಲಿಗೇ ನಿಲ್ಲುವುದೆ, ಮುಂದಿನ ಪೆಟ್ಟಿನ ಮೇಲೂ ಹರಡಿಕೊಳ್ಳುವುದೆ? ಕಂಠ ಎದುರಿನಲ್ಲಿ ಕುಳಿತವರದಂತಿದೆಯೆ, ಕಂಬಳಿಯೊಳಗಿನಿಂದ ಬಂದಂತಿದೆಯೆ? ತಾಳದ ಕಿಣಿಕಿಣಿ ಕಿವಿಯನ್ನು ಚುಚ್ಚುವುದೆ? ಅರ್ಧ ಗಂಟೆ ತೊಟ್ಟ ಮೇಲೆ ಕತ್ತು ಏನೆನ್ನುವುದು?

ಇಷ್ಟಾಗಿಯೂ ಒಂದು ಮಾತು ಉಳಿಯಿತು. ವಾರಕ್ಕೆ 80 ಡೆಸಿಬೆಲ್‌ನ ಸದ್ದನ್ನು 40 ಗಂಟೆಯವರೆಗೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುವುದು. 90 ಆದರೆ ವಾರಕ್ಕೆ ನಾಲ್ಕೇ ಗಂಟೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮರಳಿ ಬೆಳೆಯವು. ಬಸ್ಸಿನ ಗದ್ದಲದಲ್ಲಿಯೂ ಸಣ್ಣ ಸದ್ದಿನಲ್ಲೇ ಸಂಗೀತವನ್ನು ತಿಳಿಯಾಗಿ ಕೇಳಿಸುವ ಹೆಡ್‌ಫೋನ್ ಯಾವುದೋ, ಅದಕ್ಕೆ ನಾಲ್ಕು ಕಾಸು ಹೆಚ್ಚು ತೆತ್ತರೂ ನಷ್ಟವಿಲ್ಲ.

ಮುಂದಿನ ಸಲ ಮಗಳನ್ನು ಅಂಗಡಿಗೆ ಕರೆದೊಯ್ಯುವ ತಂದೆ ಜೇಬಿನಲ್ಲೊಂದು ದೊಡ್ಡ ಕರವಸ್ತ್ರವನ್ನೂ ಇಟ್ಟುಕೊಂಡು ಹೋಗಲಿ. ಕಣ್ಣಿಗೆ ಅದನ್ನು ಕಟ್ಟಿದ ಮೇಲೆ ಮಗಳು “ಇದೇ ಚೆನ್ನ” ಎಂದರೆ, ಆ ತೀರ್ಪಿಗೆ ಹಣ ಎಣಿಸಬಹುದು.