ನೆಲ ಬಿಡಿ, ಹಿಮ್ಮಡಿ ತೋರಿಸಿ

ಹಾಸಿಗೆ ಹಿಡಿದ ಅಪ್ಪನನ್ನೋ ಅಮ್ಮನನ್ನೋ ಬಿಡಲು ಜಾಗ ಹುಡುಕುವ ಮಕ್ಕಳು ಮೊದಲು ನೋಡುವುದು ನೆಲವನ್ನು. ಟೈಲ್ಸ್ ಹೊಳೆಯುತ್ತಿರಬೇಕು, ಫಿನಾಯಿಲ್ ವಾಸನೆ ಮೂಗಿಗೆ ಅಡರಬೇಕು, ಹಾಲ್‌ನಲ್ಲಿ ದೇವರ ಪಟ ಇರಬೇಕು. ಅಡುಗೆಮನೆಗೆ ಇಣುಕಿ ಅಂಗೈಗೆ ಒಂದಿಷ್ಟು ಸಾಂಬಾರು ಹಾಕಿಸಿಕೊಂಡು ರುಚಿ ನೋಡಿ, ಗೋಡೆಯ ಮೇಲಿನ ಸರ್ಟಿಫಿಕೇಟಿನ ಫೋಟೊ ತೆಗೆದುಕೊಂಡರೆ ತಪಾಸಣೆ ಮುಗಿಯಿತು. ಅಡ್ವಾನ್ಸ್ ಕೊಟ್ಟು ಬಸ್ಸು ಹತ್ತುವುದೊಂದೇ ಬಾಕಿ. ಒಳಗೆ ಮಲಗಿರುವ ಒಬ್ಬರ ಹೊದಿಕೆಯನ್ನೂ ಸರಿಸಿ ನೋಡಿರುವುದಿಲ್ಲ.

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಬೇರೂರಿದ ಕನ್ನಡದ ಒಕ್ಕಲಿಗ, ಕಾಪ್ಪಿಲಿಯ ಮನೆತನಗಳಿವೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ದ್ರಾಕ್ಷಿ ಚಪ್ಪರವನ್ನೂ ಬಾಳೆತೋಟವನ್ನೂ ಅಪ್ಪಂದಿರು ನೋಡಿಕೊಂಡರು; ಮಕ್ಕಳು ತಿರುಪ್ಪೂರು, ಕೊಯಮತ್ತೂರು, ಬೆಂಗಳೂರು ಎಂದು ಹೊರಟರು. ಸೊಂಟ ಮುರಿದುಕೊಂಡ, ಲಕ್ವ ಹೊಡೆದ ಹಿರಿಯರಿಗಾಗಿ ತೇನಿಯಲ್ಲೋ ದಿಂಡಿಗಲ್‌ನಲ್ಲೋ ನರ್ಸಿಂಗ್ ಹೋಮ್ ಹುಡುಕುವ ಸರದಿ ಈಗ ಅವರದು. ಸೇರಿಸಿದ ಸ್ವಲ್ಪ ದಿನಕ್ಕೆ ಬೆನ್ನಿನ ಕೆಳಗೆ ಹುಣ್ಣು ಕಾಣಿಸಿಕೊಂಡರೆ ಸಿಗುವ ಉತ್ತರ ಒಂದೇ: "ವಯಸ್ಸಾಯ್ತಲ್ಲ ಸಾರ್, ಉಡಂಬು ಸೂಡು." ಮೈ ಉಷ್ಣವಂತೆ. ಮಗ ತಲೆಯಾಡಿಸುತ್ತಾನೆ. ಮೈಸೂರಿನಲ್ಲೂ ಇದೇ ಉತ್ತರ, ಇದೇ ತಲೆಯಾಟ.

ನನಗೆ ರೇಗುವುದು ಇಲ್ಲೇ. ಮಲಗಿದವರಿಗೆ ಹುಣ್ಣು ಬಂದೇ ಬರುತ್ತದೆ ಎಂಬುದನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರು, ಅದೇ ನರ್ಸಿಂಗ್ ಹೋಮಿನಲ್ಲಿ ಸಾಂಬಾರು ಹುಳಿಯಾದರೆ ಜಗಳಕ್ಕೆ ನಿಲ್ಲುತ್ತಾರೆ.

ಈ ನಂಬಿಕೆ ನಮ್ಮ ಅಜ್ಜಿಯರದಷ್ಟೇ ಅಲ್ಲ, ಅದಕ್ಕೆ ದೊಡ್ಡ ವಂಶವಿದೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಮಹಾವೈದ್ಯ ಶಾರ್ಕೋ, ನರಕ್ಕೆ ಪೆಟ್ಟಾದ ರೋಗಿಗೆ ಹುಣ್ಣು ತಪ್ಪಿದ್ದಲ್ಲ, ಅದು ಸಾವಿನ ಮುನ್ಸೂಚನೆ ಎಂದು ಪಾಠ ಮಾಡಿದ. ತಮಾಷೆಯೆಂದರೆ ಅವನಿಗಿಂತ ಮೊದಲೇ, 1850ರ ದಶಕದಲ್ಲೇ, ಬ್ರೌನ್-ಸೆಕಾರ್ ಎಂಬಾತ ಬೆನ್ನುಹುರಿ ಕತ್ತರಿಸಿದ ಗಿನಿಯಿಲಿಗಳ ಮೇಲೆ ಒತ್ತಡ ಬೀಳದಂತೆ, ಮೂತ್ರದಲ್ಲಿ ನೆನೆಯದಂತೆ ನೋಡಿಕೊಂಡು ಹುಣ್ಣು ತಪ್ಪಿಸಬಹುದೆಂದು ತೋರಿಸಿದ್ದ. ಫ್ಲಾರೆನ್ಸ್ ನೈಟಿಂಗೇಲ್ ಕೂಡ 1859ರ ತನ್ನ ಪುಸ್ತಕದಲ್ಲಿ ಇದು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂದೇ ಬರೆದಳು. ಲಂಡನ್ನಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಜೊತೆಗಾರರು 1962ರಲ್ಲಿ ಯಾವ ರೋಗಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಅಂಕ ಕೊಟ್ಟು ಮೊದಲೇ ಗುರುತಿಸುವ ಪಟ್ಟಿಯನ್ನೇ ಮಾಡಿಟ್ಟರು. ಇಷ್ಟೆಲ್ಲ ಆದರೂ ನಾವಿನ್ನೂ ಸೂಡು, ಉಷ್ಣ ಎನ್ನುತ್ತಾ ಮಜ್ಜಿಗೆ ಕುಡಿಸುತ್ತಿದ್ದೇವೆ.

ಆಗುವುದು ಇಷ್ಟೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮ, ಮಾಂಸಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ನಾನು ನೀವಾದರೆ ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ. ಲಕ್ವ ಹೊಡೆದವರಿಗೆ ಅದಾಗದು. ಕೆಲವು ಗಂಟೆ ಹಾಗೇ ಬಿಟ್ಟರೆ ಒಳಗಿನ ಮಾಂಸ ಸಾಯಲು ಶುರುವಾಗುತ್ತದೆ. ಒದ್ದೆ ಡಯಪರ್ ಚರ್ಮವನ್ನು ಮೆತ್ತಗಾಗಿಸಿರುತ್ತದೆ. ಕೆಳಗೆ ಜಾರಿದವರನ್ನು ಕಂಕುಳಿಗೆ ಕೈಹಾಕಿ ದರದರ ಮೇಲಕ್ಕೆ ಎಳೆದಾಗ ಚರ್ಮ ಹಾಸಿಗೆಗೆ ಅಂಟಿಕೊಂಡೇ ಇದ್ದು ಒಳಗಿನ ಮೂಳೆ ಮಾತ್ರ ಸರಿಯುತ್ತದೆ, ಅದು ಇನ್ನೊಂದು ಪೆಟ್ಟು. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ತೊಡೆಯ ಪಕ್ಕದ ಗೆಣ್ಣು, ಕಾಲಿನ ಹರಡು, ತಲೆಯ ಹಿಂಭಾಗ: ಹುಣ್ಣು ಬರುವುದು ಇಂಥ ಕಡೆಯೇ. ಉಷ್ಣದಿಂದ ಬರುವುದಾದರೆ ಹೊಟ್ಟೆಯ ಮೇಲೆ ಯಾಕೆ ಬರುವುದಿಲ್ಲ ಎಂದು ಯಾರೂ ಕೇಳುವುದಿಲ್ಲ.

ತಡೆಯುವ ಕೆಲಸ ಬೇಸರದ್ದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದೂ ಪೂರ್ತಿ ಪಕ್ಕಕ್ಕೆ ಮಲಗಿಸಿ ತೊಡೆಯ ಗೆಣ್ಣಿನ ಮೇಲೆ ಭಾರ ಹಾಕುವುದಲ್ಲ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸುವುದು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳುವುದು. ಎಳೆಯುವ ಬದಲು ಅಡ್ಡ ಬಟ್ಟೆ ಹಾಸಿ ಇಬ್ಬರು ಸೇರಿ ಎತ್ತುವುದು. ಒದ್ದೆಯಾದ ಕೂಡಲೇ ಬದಲಿಸುವುದು. ಮೊಟ್ಟೆಯೋ ಬೇಳೆಯೋ ಹಾಲೋ, ಪ್ರೋಟೀನ್ ಹೊಟ್ಟೆಗೆ ಬೀಳಬೇಕು. ಕಾಸು ಕೇಳುವ ಕೆಲಸ ಇದರಲ್ಲಿ ಕಡಿಮೆ, ಕೇಳುವುದೆಲ್ಲ ಕೈಗಳನ್ನು.

ಅದಕ್ಕೇ ಇರಬೇಕು ಅಡ್ಡದಾರಿಗಳು ಇಷ್ಟೊಂದು ಜನಪ್ರಿಯ. ಸ್ಪಿರಿಟ್ ಹಚ್ಚಿ ಪೌಡರ್ ಉದುರಿಸಿ ಬೆನ್ನು ಚೆನ್ನಾಗಿ ಉಜ್ಜುವುದು: ಹಿಂದೆ ನರ್ಸುಗಳಿಗೇ ಇದನ್ನು ಕಲಿಸುತ್ತಿದ್ದರು, ಈಗ ಬೇಡವೆನ್ನುತ್ತಾರೆ, ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ಮೊದಲೇ ನಲುಗಿದ ಜಾಗವನ್ನು ಉಜ್ಜಿದರೆ ಒಳಗೆ ಇನ್ನಷ್ಟು ಹರಿಯುತ್ತದೆ. ಮಧ್ಯೆ ತೂತಿರುವ ಉಂಗುರದ ದಿಂಬು: ಸುತ್ತಲಿಂದ ಒತ್ತಿ ಮಧ್ಯಕ್ಕೆ ರಕ್ತ ಹೋಗದಂತೆ ಮಾಡುತ್ತದೆ, ಆದರೂ ಮೆಡಿಕಲ್ ಸ್ಟೋರುಗಳಲ್ಲಿ ಖರ್ಚಾಗುತ್ತಲೇ ಇದೆ. ಇನ್ನು ಏರ್ ಬೆಡ್. ಅದು ಸಹಾಯಕ್ಕುಂಟು, ನಿಜ. ಆದರೆ ಹೊರಳಿಸುವುದನ್ನು ಬಿಡಲು ಅದು ರಜಾಚೀಟಿಯಲ್ಲ. ಅದರ ಮೇಲೊಂದು ರೆಕ್ಸಿನ್, ರೆಕ್ಸಿನ್ ಮೇಲೆ ಮಡಚಿದ ಜಮಖಾನ, ಪಂಪಿನ ಪ್ಲಗ್ ಕಿತ್ತು ಅಲ್ಲಿ ಯಾರದೋ ಮೊಬೈಲ್ ಚಾರ್ಜಿಗೆ ಹಾಕಿರುವುದನ್ನು ನೀವೂ ನೋಡಿರುತ್ತೀರಿ.

ಹಾಗಾದರೆ ಏನು ನೋಡಬೇಕು? ಹಿಮ್ಮಡಿ ನೋಡಿ. ಮರ್ಯಾದೆಯಿಂದ, ಮಲಗಿದವರ ಒಪ್ಪಿಗೆ ಕೇಳಿ, ಆಯಾ ಎದುರಿಗೇ ಹೊದಿಕೆ ಸರಿಸಿ ಕಾಲು ನೋಡಿ. ನಿಮ್ಮವರದಾದರೆ ಸೊಂಟದ ಕೆಳಗೂ ನೋಡಿ. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ; ಬಣ್ಣ ಬದಲಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿಕೊಳ್ಳದೆ ಹಾಗೇ ಉಳಿಯುತ್ತದೆ. ಪುಸ್ತಕಗಳು 'ಕೆಂಪು' ಎಂದು ಬರೆಯುವುದು ಬಿಳಿ ಚರ್ಮದ ಲೆಕ್ಕದಲ್ಲಿ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಬಿಳಿಚುವುದೂ ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪಗೋ ನೇರಳೆಗೋ ತಿರುಗಿರುತ್ತದೆ, ಮುಟ್ಟಿದರೆ ಬಿಸಿ, ಗಟ್ಟಿ, ಇಲ್ಲವೆ ಕೊಳೆತ ಹಣ್ಣಿನ ಹಾಗೆ ಮೆತ್ತಗೆ. ಆದ್ದರಿಂದ ಕಣ್ಣಿಗಿಂತ ಬೆರಳನ್ನು ನಂಬಿ.

ಆಮೇಲೆ ಹಾಸಿಗೆಯ ಬುಡದಲ್ಲಿ ತೂಗುಹಾಕಿದ ಚಾರ್ಟು. 8ಕ್ಕೆ ಎಡ, 10ಕ್ಕೆ ಬಲ, 12ಕ್ಕೆ ಬೆನ್ನು ಎಂದು ಬರೆದಿರುತ್ತದೆ. ಒಂದೇ ಪೆನ್ನು, ಒಂದೇ ಒತ್ತು, ಒಂದೇ ಉಸಿರಿಗೆ ಇಳಿಸಿದ ಸಹಿಗಳು. ಸಂಜೆ 6ಕ್ಕೆ ಹೋಗಿ ನೋಡಿದರೆ ಮರುದಿನ ಬೆಳಗಿನ 6ರವರೆಗೂ ಮಗ್ಗುಲು ಬದಲಾಗಿ ಮುಗಿದಿರುವ ಚಾರ್ಟುಗಳಿವೆ. ತಪಾಸಣೆಗೆ ಬರುವ ಅಧಿಕಾರಿ ಚಾರ್ಟು ಇದೆಯೇ ಎಂದು ನೋಡಿ ಗುರುತು ಹಾಕುತ್ತಾನೆ. 'ಎಡ' ಎಂದು ಬರೆದ ಹೊತ್ತಿನಲ್ಲಿ ಮಲಗಿದವರು ಎಡಕ್ಕಿದ್ದಾರೆಯೇ ಎಂದು ತಲೆಯೆತ್ತಿ ನೋಡುವುದು ಅಪರೂಪ.

ನ್ಯಾಯಕ್ಕೆ ಒಂದು ಮಾತು: ಸಾವು ಹತ್ತಿರವಾದಾಗ ಚರ್ಮವೂ ಉಳಿದ ಅಂಗಗಳಂತೆ ಸೋಲುತ್ತದೆ, ಎಷ್ಟು ಜೋಪಾನ ಮಾಡಿದರೂ ಕೆಲವರಿಗೆ ಹುಣ್ಣಾಗುತ್ತದೆ. ಮನೆಯಿಂದಲೋ ಆಸ್ಪತ್ರೆಯಿಂದಲೋ ಹುಣ್ಣು ಹೊತ್ತುಕೊಂಡೇ ಬರುವವರೂ ಉಂಟು. ಅದಕ್ಕೇ ಸೇರಿಸುವ ದಿನ ಮೈಯೆಲ್ಲ ನೋಡಿ ಬರೆದಿಡುವ ಜಾಗ ಒಳ್ಳೆಯ ಜಾಗ. ಈ ಅಪವಾದವನ್ನೇ ಎಲ್ಲರಿಗೂ ನೆಪ ಮಾಡಿಕೊಳ್ಳುವುದು ಬೇರೆ ಮಾತು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ನೀರು ಕಡಿಮೆ ಕೊಟ್ಟರೆ ಹಾಸಿಗೆ ಒದ್ದೆಯಾಗುವುದಿಲ್ಲ ಎನ್ನುತ್ತಾರೆ. ಮೂತ್ರದ ಸೋಂಕು, ಮಲಬದ್ಧತೆ, ಬುದ್ಧಿಭ್ರಮಣೆ ಮಾತ್ರ ಖಂಡಿತ. ಹಗಲೆಲ್ಲ ಗಲಾಟೆಯಿಲ್ಲದೆ ಮಲಗಿದ್ದರೆ ನೆಮ್ಮದಿಯಾಗಿದ್ದಾರೆ ಎಂದಲ್ಲ, ಯಾವ ಮಾತ್ರೆ ಕೊಡುತ್ತಿದ್ದೀರಿ ಎಂದು ಕೇಳಿ. ಸಿಸಿಟಿವಿ ಇದ್ದರೆ ಭದ್ರ ಎನ್ನುವವರು ಅದನ್ನು ರಾತ್ರಿ ಯಾರು ನೋಡುತ್ತಾರೆಂದು ವಿಚಾರಿಸಲಿ.

ಗೋಡೆಯ ಕೆಂಪು ಸಿಲಿಂಡರ್ ನೋಡಿ ಬೆಂಕಿಯ ಭಯವಿಲ್ಲ ಎನ್ನುವವರಿಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. 2024ರ ಡಿಸೆಂಬರ್ 12ರ ರಾತ್ರಿ ದಿಂಡಿಗಲ್‌ನ ಖಾಸಗಿ ಮೂಳೆ ಆಸ್ಪತ್ರೆಯೊಂದಕ್ಕೆ ಬೆಂಕಿ ಬಿದ್ದು ಮಗು ಸೇರಿ 6 ಜನ ಸತ್ತರು. ಹೊಗೆ ತುಂಬಿದ ಕಟ್ಟಡದ ಲಿಫ್ಟಿನೊಳಗೆ ಪ್ರಜ್ಞೆ ತಪ್ಪಿ ಬಿದ್ದವರು ಸಿಕ್ಕರು. ರಾಮನಾಥಪುರದ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಮಾನಸಿಕ ರೋಗಿಗಳ ಆಶ್ರಯದಲ್ಲಿ 28 ಜನ ಸುಟ್ಟು ಸತ್ತದ್ದು, ಸರಪಳಿ ಬಿಗಿದಿದ್ದರಿಂದ ಓಡಲಾಗದೆ. ಹಾಸಿಗೆ ಹಿಡಿದವರಿಗೆ ಸರಪಳಿಯೂ ಬೇಡ. ಲಿಫ್ಟ್ ನಿಂತರೆ ಎರಡನೇ ಮಹಡಿಯ ಅಜ್ಜಿಯನ್ನು ಯಾರು, ಯಾವ ಮೆಟ್ಟಿಲಿನಿಂದ, ಹೇಗೆ ಹೊತ್ತು ತರುತ್ತೀರಿ ಎಂದು ಕೇಳಿ ನೋಡಿ. ಆ ಮೆಟ್ಟಿಲಿಗೆ ಬೀಗ ಇದ್ದರೆ ಕೀಲಿ ಯಾರ ಹತ್ತಿರ ಎಂದೂ ಕೇಳಿ.

ಇದೆಲ್ಲ ನರ್ಸಿಂಗ್ ಹೋಮಿನ ರಗಳೆ, ಮನೆಯಲ್ಲಿ ಇಟ್ಟುಕೊಂಡರೆ ತಪಾಸಣೆಯೇ ಬೇಕಿಲ್ಲ ಎಂದು ಎದೆತಟ್ಟಿ ಹೇಳುವವರು ಪಕ್ಕದ ವಿರುದುನಗರವನ್ನು ನೆನೆಯಲಿ. ಮಲಗಿದಲ್ಲೇ ಆದ ಹಿರಿಯರಿಗೆ ಎಣ್ಣೆ ಸ್ನಾನ ಮಾಡಿಸಿ, ಎಳನೀರು ಕುಡಿಸಿ ಸಾಯಿಸುವ 'ತಲೈಕೂತ್ತಲ್' 2010ರಲ್ಲಿ ಸುದ್ದಿಯಾದದ್ದು ಅಲ್ಲಿಂದಲೇ, ಮನೆಗಳೊಳಗಿಂದಲೇ. ತಮಿಳುನಾಡು 2021ರ ಆಗಸ್ಟ್‌ನಲ್ಲಿ ಶುರುಮಾಡಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಉಪಶಮನ ಆರೈಕೆಯವರು ಮನೆಗೇ ಬರುತ್ತಾರೆ. ಬಂದಾಗ ಬಿಪಿ ಅಷ್ಟೇ ಅಲ್ಲ, ಬೆನ್ನನ್ನೂ ತೋರಿಸಿ.

ನಮ್ಮ ಜನ ಏನನ್ನೂ ಅನುಮಾನಿಸುವುದಿಲ್ಲ ಎಂದಲ್ಲ. 2018ರ ಫೆಬ್ರುವರಿಯಲ್ಲಿ ಕಾಂಚೀಪುರದ ಪಾಲೇಶ್ವರಂ ಬಳಿ, ದಿಂಡಿಗಲ್‌ನಲ್ಲೂ ಶಾಖೆಯಿದ್ದ ಆಶ್ರಯಧಾಮವೊಂದರ ವ್ಯಾನಿನಲ್ಲಿ ತರಕಾರಿ ಮೂಟೆಗಳ ಜೊತೆ ಒಂದು ಹೆಣ, ಬದುಕಿದ್ದ ಮುದುಕರು ಸಿಕ್ಕರು. ಅಧಿಕಾರಿಗಳು ಹೋಗಿ ನೋಂದಣಿ ಕೇಳಿದರು, ಸತ್ತವರ ದಾಖಲೆ ಕೇಳಿದರು, ಶವ ಇಡುವ ಕಟ್ಟಡದ ಅನುಮತಿ ಕೇಳಿದರು, ಅಲ್ಲಿದ್ದವರನ್ನು ಬೇರೆಡೆಗೆ ಸಾಗಿಸಿದರು. ವಾಟ್ಸಾಪಿಗೆ ಇದು ಸಪ್ಪೆ. ಮುದುಕರ ಮೂಳೆ ವಿದೇಶಕ್ಕೆ ರಫ್ತಾಗುತ್ತಿದೆ ಎಂಬ ಕತೆ ಊರೂರು ಸುತ್ತಿತು. ಮೂಳೆ ಕಳ್ಳಸಾಗಣೆಯನ್ನು ಕಣ್ಮುಚ್ಚಿ ನಂಬುವ ಮನುಷ್ಯನೇ, ಎರಡು ಗಂಟೆ ಹೊರಳಿಸದಿದ್ದರೆ ಮಾಂಸ ಕೊಳೆಯುತ್ತದೆ ಎಂದರೆ "ಅಯ್ಯೋ, ಅದು ಉಷ್ಣ" ಎನ್ನುತ್ತಾನೆ. ಖಳನಾಯಕ ಇದ್ದರೆ ನಂಬುವುದು ಸುಲಭ. ಆಯಾಗಳು ಸಾಲದು ಎಂಬುದರಲ್ಲಿ ಕತೆಯೇ ಇಲ್ಲವಲ್ಲ. ದೂರು ಕೊಡಲು 14567 ಎಂಬ ಹಿರಿಯರ ಸಹಾಯವಾಣಿ ಇದೆ ಎಂದರೆ, "ಬೇಡ ಬಿಡಿ, ಅವರಿಗೆ ಬೇಸರವಾದೀತು" ಎನ್ನುವುದೂ ಇದೇ ಮನುಷ್ಯ.

ಬೇಸರವಾಗುವ ಪ್ರಶ್ನೆಯೇ ಬೇಡ ಎನ್ನುವವರು ಒಂದು ಲೆಕ್ಕವನ್ನಾದರೂ ಹಾಕಲಿ. ಮಗ್ಗುಲು ಬದಲಿಸಲಾಗದವರು 20 ಜನ. ರಾತ್ರಿ 8ರಿಂದ ಬೆಳಗಿನ 6ರೊಳಗೆ ಎರಡು ಗಂಟೆಗೊಮ್ಮೆ ಎಂದರೆ ತಲಾ 5 ಸಲ, ಒಟ್ಟು 100 ಸಲ. ಹೊರಳಿಸಿ, ದಿಂಬಿಟ್ಟು, ಒದ್ದೆ ಬದಲಿಸಲು ಕನಿಷ್ಠ 5 ನಿಮಿಷ ಹಿಡಿದರೂ 500 ನಿಮಿಷ, ಅಂದರೆ 8 ಗಂಟೆ 20 ನಿಮಿಷ, ಅದೂ ಇಬ್ಬರು ಸೇರಿ, ಒಂದು ಲೋಟ ಟೀಗೂ ಕೂರದೆ. ರಾತ್ರಿ ಡ್ಯೂಟಿಗೆ ಎಷ್ಟು ಜನ ಎಂದು ಕೇಳಿ. "ಒಬ್ಬರು ಇರುತ್ತಾರೆ ಸಾರ್" ಎಂಬ ಉತ್ತರ ಬಂದರೆ, ಹಾಸಿಗೆಯ ಬುಡದ ಆ ಚಾರ್ಟನ್ನು ಬರೆದವರು ಯಾರು ಎಂದು ಕೇಳಿ.