ಅಕ್ಷರ, ರೇಖೆ, ಚಲನೆ: ಮಲಪ್ರಭೆಯ ದಂಡೆಯಲ್ಲಿ ವಿನ್ಯಾಸದ ವಿದ್ಯಾರ್ಥಿ

‘ವಿನ್ಯಾಸ’ ಎಂಬುದು ಇಡು, ಇರಿಸು ಎಂಬ ಅರ್ಥದ ಮೂಲದಿಂದ ಹುಟ್ಟಿದ ಶಬ್ದ. ಯಾವುದನ್ನು ಎಲ್ಲಿ ಇಟ್ಟರೆ ಅದು ಅಲ್ಲಿಗೆ ಸಲ್ಲುವುದೋ ಅಲ್ಲಿಯೇ ಇಡುವುದು ವಿನ್ಯಾಸ. ಈ ವಿದ್ಯೆಯನ್ನು ಕಲಿಸುವುದಕ್ಕೆಂದೇ ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿತು, ಮುಂಬಯಿಯ ಐ.ಐ.ಟಿ.ಯಲ್ಲಿ 1969ರಲ್ಲಿ ಮತ್ತೊಂದು ಕೇಂದ್ರವು ತಲೆಯೆತ್ತಿತು. ಚಿತ್ರಕಲೆ, ಮುದ್ರಾಕ್ಷರಗಳ ರಚನೆ, ಅನಿಮೇಷನ್ ಎಂಬ ಚಲಿಸುವ ಚಿತ್ರಗಳ ವಿದ್ಯೆ, ಇವೆಲ್ಲಕ್ಕೂ ತಾಯಿಬೇರಾದ ರೇಖಾಭ್ಯಾಸ, ಇವು ಅಲ್ಲಿಯ ವಿದ್ಯಾರ್ಥಿಯ ಮುಖ್ಯ ಪಾಠಗಳಲ್ಲಿ ಸೇರಿವೆ. ಆದರೆ ಅಕ್ಷರರಚನೆಯ ಗ್ರಂಥಗಳು ಬಹುಮಟ್ಟಿಗೆ ರೋಮನ್ ಲಿಪಿಯನ್ನೇ ಮಾದರಿಯಾಗಿ ಹಿಡಿಯುತ್ತವೆ. ಕನ್ನಡದ ಹುಡುಗನಿಗೆ ಆ ಮಾದರಿ ಸಾಲದು. ಅವನಿಗೆ ಬೇಕಾದ ಪಾಠಗಳು ಕೂಡಲಸಂಗಮದಿಂದ ಮಲಪ್ರಭೆಯ ಹರಿವಿಗೆ ಎದುರಾಗಿ ನಡೆದರೆ ಐಹೊಳೆ, ಪಟ್ಟದಕಲ್ಲು, ಬಾದಾಮಿಗಳಲ್ಲಿ ಕಲ್ಲಿನ ಮೇಲೆಯೇ ದೊರೆಯುತ್ತವೆ.

ಬಾದಾಮಿಯ ಮೂರನೆಯ ಗುಹೆಯು ಕ್ರಿ.ಶ. 578ರಲ್ಲಿ ಮಂಗಲೇಶನಿಂದ ಪೂರ್ಣಗೊಂಡಿತು. ಅದರ ಚಾವಣಿಯ ಅಂಚಿನಲ್ಲಿ ವರ್ಣಚಿತ್ರಗಳ ಅವಶೇಷಗಳು ಇಂದಿಗೂ ಉಳಿದಿವೆ. ಸಮೀಪದಲ್ಲಿಯೇ ಶಾಸನಗಳೂ ಇವೆ. ಊರ ಹೊರಗಿನ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವು ಸುಮಾರು ಕ್ರಿ.ಶ. 700ರದು. ಛಂದಸ್ಸಿನ ವಿದ್ಯಾರ್ಥಿಗಳು ಅದನ್ನು ತ್ರಿಪದಿಗಾಗಿ ಓದುತ್ತಾರೆ. ವಿನ್ಯಾಸದ ವಿದ್ಯಾರ್ಥಿಯು ಅದನ್ನು ಓದದೆ, ಮೊದಲು ಸುಮ್ಮನೆ ನೋಡಬೇಕು. ಬ್ರಾಹ್ಮಿಯಲ್ಲಿ ಕೂಡಿಸುವ ಚಿಹ್ನೆಯಂತೆ ನೆಟ್ಟಗಿದ್ದ ‘ಕ’ಕಾರವು ಶತಮಾನಗಳಲ್ಲಿ ಹೇಗೆ ಬಾಗಿತು, ತಲೆಯ ಮೇಲಿನ ಗಿಡ್ಡ ಗೆರೆಯು ಇಂದಿನ ತಲೆಕಟ್ಟಾಗುವ ದಾರಿಯಲ್ಲಿ ಎಷ್ಟು ದೂರ ಬಂದಿತ್ತು, ಎರಡು ಅಕ್ಷರಗಳ ನಡುವೆ ಎಷ್ಟು ತೆರಪು ಬಿಟ್ಟಿದೆ ಎಂಬುದನ್ನು ಅವನು ತನ್ನ ಕೈಯಿಂದಲೇ ಬರೆದು ತಿಳಿಯಬೇಕು. ಓಲೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಆದಕಾರಣ ನಮ್ಮ ಅಕ್ಷರಗಳು ದುಂಡಗಾದವು ಎಂಬ ಮಾತು ಪ್ರಸಿದ್ಧವಾದುದು. ಅದರಲ್ಲಿ ಹುರುಳಿದೆ. ಆದರೆ ಗರಿಯ ಭಯವಿಲ್ಲದ ಬಂಡೆಯ ಮೇಲೆಯೂ ಅಕ್ಷರ ದುಂಡಗಾಗಿರುವುದನ್ನು ಕಂಡವನು, ಕೈಗೆ ಗರಿಯಲ್ಲಿ ಬಂದ ರೂಢಿಯನ್ನು ಚಾಣವೂ ಅನುಸರಿಸಿತೆಂದು ಊಹಿಸಬೇಕಾಗುತ್ತದೆ.

ಪಟ್ಟದಕಲ್ಲಿಗೆ ಬಂದರೆ ಪಾಠ ಇನ್ನೂ ಗಹನವಾಗುತ್ತದೆ. ಇಲ್ಲಿಯ ಪಾಪನಾಥ ದೇವಾಲಯವು ಎಂಟನೆಯ ಶತಮಾನದ್ದು. ವಿರೂಪಾಕ್ಷ ದೇವಾಲಯದ ಭವ್ಯತೆಗೆ ಮನಸೋತ ಯಾತ್ರಿಕರು ಇದನ್ನು ಅವಸರದಲ್ಲಿ ನೋಡಿ ಹೋಗುವುದುಂಟು, ಅದು ತಕ್ಕುದಲ್ಲ. ಇದರ ಹೊರಗೋಡೆಯ ಮೇಲೆ ರಾಮಾಯಣದ ಕಥೆಯು ಒಂದಾದ ಮೇಲೊಂದು ಫಲಕದಲ್ಲಿ ಸಾಗುತ್ತದೆ. ನೋಡುವವನು ಗೋಡೆಯುದ್ದಕ್ಕೂ ನಡೆದಂತೆ ಕಥೆಯೂ ನಡೆಯುತ್ತದೆ. ಶಿಲ್ಪಗಳ ಬಳಿಯಲ್ಲಿ ಕಥಾಪಾತ್ರಗಳ ಹೆಸರುಗಳನ್ನು ಅಂದಿನ ಕನ್ನಡ ಲಿಪಿಯಲ್ಲಿ ಕೆತ್ತಿದ್ದಾರೆ. ಕೆಲವೆಡೆ ಶಿಲ್ಪಿಯ ಹೆಸರೂ ಇದೆ. ಚಿತ್ರ, ಅಕ್ಷರ, ಕ್ರಮವಾಗಿ ಮುಂದುವರಿಯುವ ದೃಶ್ಯ, ಈ ಮೂರನ್ನೂ ಒಂದೇ ಗೋಡೆಯು ಹೊತ್ತಿದೆ. ಇಂದು ಬೇರೆ ಬೇರೆ ತರಗತಿಗಳಲ್ಲಿ ಬೇರೆ ಬೇರೆ ಅಧ್ಯಾಪಕರು ಹೇಳುವ ವಿಷಯಗಳು ಆ ಆಚಾರಿಗಳಿಗೆ ಬೇರೆಯಾಗಿರಲಿಲ್ಲ. ಹೆಸರು ಕೆತ್ತುವಾಗ ಆಕೃತಿಗೆ ಅಡ್ಡಿಯಾಗದಂತೆ, ಆದರೂ ಕಣ್ಣಿಗೆ ಬೀಳುವಂತೆ ಎಡೆ ಹುಡುಕಬೇಕಾಗಿದ್ದಿತು. ವಿನ್ಯಾಸವೆಂದರೆ ಇದೇ ತಾನೆ?

ಗೋಡೆಯ ಮುಂದೆ ನೋಡುವವನು ನಡೆಯಬೇಕು. ಅನಿಮೇಷನ್ನಿನಲ್ಲಿ ನೋಡುವವನು ಕುಳಿತಿರುತ್ತಾನೆ, ಚಿತ್ರವೇ ನಡೆಯುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಕಣ್ಣಮುಂದೆ ಸರಿಯುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಅತ್ಯಲ್ಪ ವ್ಯತ್ಯಾಸ. ಇವೆರಡರ ನಡುವಣ ಮೆಟ್ಟಿಲು ನಮ್ಮ ತೊಗಲುಗೊಂಬೆಯಾಟ. ಹದಮಾಡಿದ ತೊಗಲಿನಲ್ಲಿ ಬಿಡಿಸಿ, ಬಣ್ಣ ಹಾಕಿ, ಕೀಲು ಕೂಡಿಸಿ, ಹಿಂದೆ ದೀಪವಿಟ್ಟು ಆಡಿಸುವ ಈ ಕಲೆಯನ್ನು ಶಿಳ್ಳೇಕ್ಯಾತ ಮನೆತನಗಳು ಉಳಿಸಿಕೊಂಡು ಬಂದಿವೆ. ನೆರೆಯ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು.

ಇಳಕಲ್ಲಿನ ಸೀರೆಯ ಮೇಲಿನ ಕಸೂತಿಯನ್ನೂ ಇಲ್ಲಿ ನೆನೆಯಬೇಕು. ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ತೆಗೆಯುವ ಹೆಣ್ಣುಮಗಳು ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ. ನೂಲಿನೆಳೆಗಳನ್ನು ಎಣಿಸಿಯೇ ಸೂಜಿ ಹಾಕುತ್ತಾಳೆ. ಗಣಕಯಂತ್ರದ ಪರದೆಯ ಮೇಲೆ ಚುಕ್ಕೆಗಳಿಂದ ಅಕ್ಷರ ಮೂಡುವುದೂ ಇಂಥದೇ ಎಣಿಕೆಯಿಂದ.

ಇನ್ನು ಅಚ್ಚಿನ ವಿಷಯ. 1843ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾದುದು, ಅಲ್ಲಿಯ ಅಕ್ಷರವೂ ಕೈಬರಹವೇ. ಮೊಳೆಗಳಲ್ಲಿ ಕನ್ನಡವನ್ನು ಕೂಡಿಸುವುದು ಇದಕ್ಕಿಂತ ಕಷ್ಟದ ಕೆಲಸವಾಯಿತು. ರೋಮನ್ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿಯಾದರೋ ಗುಡಿಸು ಮೇಲಕ್ಕೆ, ಕೊಂಬು ಬಲಕ್ಕೆ, ಒತ್ತಕ್ಷರ ಕೆಳಕ್ಕೆ. 34 ವ್ಯಂಜನಗಳಿಗೆ 34 ಒತ್ತುಗಳೆಂದರೆ ಎರಡಕ್ಷರದ ಸಂಯೋಗಗಳೇ ಲೆಕ್ಕಕ್ಕೆ 1156 ಆಗುತ್ತವೆ; ಎಲ್ಲವೂ ಬಳಕೆಯಲ್ಲಿಲ್ಲವೆಂಬುದು ಮೊಳೆ ಜೋಡಿಸುವವನ ಪುಣ್ಯ. ಈ ಕಷ್ಟದ ನಡುವೆಯೇ ಫ.ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, ಮುಂದೆ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ತೆರೆದರು. ಕಂಟದ ಅಕ್ಷರವು ಮೊಳೆಯ ಅಕ್ಷರವಾದುದರಿಂದಲೇ ವಚನಗಳು ಮನೆಮನೆಗೆ ಬಂದವು.

ಮೊಳೆಗಳ ಕಾಲ ಮುಗಿದು ಗಣಕದ ಕಾಲ ಬಂದಿತು. 1991ರ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ದೊರೆತುದು 128 ಸ್ಥಾನಗಳು ಮಾತ್ರ. ಒತ್ತಕ್ಷರಗಳಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಅವುಗಳನ್ನು ರೂಪಿಸಿ ಯಥಾಸ್ಥಾನದಲ್ಲಿ ಕೂಡಿಸುವ ಹೊಣೆ ಅಕ್ಷರ ರಚಿಸುವವನದು. ಮುಂಬಯಿಯ ಐ.ಐ.ಟಿ.ಯಲ್ಲಿ ಅಧ್ಯಾಪಕರಾಗಿದ್ದ ಆರ್.ಕೆ. ಜೋಶಿಯವರು ಗಣಕಕ್ಕಾಗಿ ರೂಪಿಸಿದ ಕನ್ನಡ ಅಕ್ಷರಮಾಲೆಗೆ ‘ತುಂಗಾ’ ಎಂಬ ನದಿಯ ಹೆಸರು. ಆದರೂ ಭಿತ್ತಿಪತ್ರಗಳಲ್ಲಿಯೂ ಅಂಗಡಿಯ ಹಲಗೆಗಳಲ್ಲಿಯೂ ಒತ್ತು ಒಡೆದು ಪಕ್ಕಕ್ಕೆ ಬಿದ್ದ ಕನ್ನಡವನ್ನು ಇಂದಿಗೂ ಕಾಣುತ್ತೇವೆ. ಕೈಯಿಂದ ಒಮ್ಮೆಯೂ ಬರೆದು ನೋಡದವನಿಗೆ ಆ ದೋಷ ದೋಷವೆಂದೇ ತೋರುವುದಿಲ್ಲ. ಶಾಲೆಗಳಲ್ಲಿ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಅಧ್ಯಾಪಕರಿಗೂ ಮಕ್ಕಳ ಸುಂದರ ಕೈಬರಹವನ್ನು ಹವ್ಯಾಸವೆಂದು ಕಡೆಗಣಿಸುವ ಪಾಲಕರಿಗೂ ಈ ಮಾತನ್ನು ನೆನಪಿಸುವುದು ಅವಶ್ಯ.

ಚಿತ್ರ ಬರೆಯುವ ಹುಡುಗನಿಗೆ ಈ ಸೀಮೆಯಲ್ಲಿ ಮೇಲ್ಪಂಕ್ತಿಯಿಲ್ಲವೆಂದಲ್ಲ. ಬಾದಾಮಿಯ ಕಡೆಯಿಂದ ಬಂದ ಆರ್.ಎಂ. ಹಡಪದರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ ಅನೇಕ ಕಲಾವಿದರನ್ನು ಬೆಳೆಸಿದರು. ‘ಕೆನ್’ ಎಂದರೆ ಹಳಗನ್ನಡದಲ್ಲಿ ಕೆಂಪು. ಬಾದಾಮಿಯ ಬಂಡೆಯ ಬಣ್ಣವೂ ಅದೇ. ಅಭ್ಯಾಸಕ್ಕೆ ತೊಡಗುವವನಿಗೆ ದುಬಾರಿ ಸಲಕರಣೆಗಳು ಬೇಕಿಲ್ಲ. ತುದಿಯನ್ನು ಓರೆಯಾಗಿ ಕತ್ತರಿಸಿದ ಬಿದಿರಿನ ಲೆಕ್ಕಣಿಕೆ, ಮಸಿ, ಗೆರೆಯಿಲ್ಲದ ಹಾಳೆ ಇದ್ದರೆ ಸಾಕು. ಮೊದಲು ‘ರ’ಕಾರದ ಸುತ್ತು ಕೈಗೆ ಹತ್ತಬೇಕು, ಬಳಿಕ ಅದರ ತಲೆಕಟ್ಟು, ಅನಂತರ ‘ಕ್ಷ’ ‘ಜ್ಞ’ಗಳ ಜಟಿಲವಾದ ಹೆಣಿಗೆ.