ಗಾಳಿ ಶೋಧಕವನ್ನು ಕೊಳ್ಳುವ ಮುನ್ನ ಗಾಳಿಯನ್ನು ತಿಳಿಯೋಣ

ಕಳೆದ ಕೆಲವು ವರ್ಷಗಳಿಂದ ಬೆಂಗಳೂರಿನ ಪಶ್ಚಿಮ ಭಾಗದ ಗೃಹಸ್ಥರು ನಮ್ಮನ್ನು ಕಂಡಾಗ ಕೇಳುವ ಪ್ರಶ್ನೆಗಳ ಸಾಲಿಗೆ ಹೊಸದೊಂದು ಸೇರಿಕೊಂಡಿದೆ. ಮನೆಯಲ್ಲಿ ಮಗುವಿಗೆ ಉಬ್ಬಸ, ಹಿರಿಯರಿಗೆ ರಾತ್ರಿಯೆಲ್ಲ ಕೆಮ್ಮು. ಗಾಳಿಯನ್ನು ಶುದ್ಧಿಮಾಡುವ ಯಂತ್ರವನ್ನು ತರಬೇಕೆ, ತರುವುದಾದರೆ ಎಂಥದನ್ನು? ಶಾಸ್ತ್ರಪಾಠ ಹೇಳುವವರಿಗೆ ಈ ವಿಚಾರದಲ್ಲೇನು ಕೆಲಸವೆಂದು ಕೆಲವರು ನಗಬಹುದು. ಆದರೆ ಉಸಿರಿಗಾಗಿ ತವಕಿಸುವ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗುಮಾಡಿದ ತಾಯಿ ಕೇಳಿದಾಗ ನಕ್ಕು ಸುಮ್ಮನಿರಲಾಗದು. ಬಲ್ಲವರಿಂದ ಕೇಳಿದುದನ್ನೂ ಓದಿ ತಿಳಿದುದನ್ನೂ ಕೂಡಿಸಿ ಇಲ್ಲಿ ನಿವೇದಿಸುತ್ತಿದ್ದೇವೆ.

ಉಲ್ಲಾಳವೆಂದೊಡನೆ ರಾಣಿ ಅಬ್ಬಕ್ಕನ ಕಡಲತೀರದ ಉಳ್ಳಾಲ ಕೆಲವರಿಗೆ ನೆನಪಾದೀತು. ನಾವು ಹೇಳುತ್ತಿರುವುದು ಜ್ಞಾನಭಾರತಿಯ ಪಕ್ಕದ, ಕೆಂಗೇರಿಗೆ ಸಮೀಪದ ಉಲ್ಲಾಳವನ್ನು. ಕೆರೆಯೊಂದನ್ನು ಮಡಿಲಲ್ಲಿಟ್ಟುಕೊಂಡ ಹಳ್ಳಿಯಾಗಿದ್ದ ಈ ಊರು ಈಗ ಉಪನಗರವಾಗಿ, ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯೊಡನೆ ಬೆರೆತುಹೋಗಿದೆ. ಒಂದು ಕಡೆ ವಿಶ್ವವಿದ್ಯಾಲಯದ ವಿಶಾಲ ಮರಗಾಡು. ಇನ್ನೊಂದು ಕಡೆ ಮೈಸೂರು ರಸ್ತೆಯ ವಾಹನ ಪ್ರವಾಹ, ಅದರ ಮಗ್ಗುಲಲ್ಲೇ ಹರಿಯುವ ವೃಷಭಾವತಿ. ಹೀಗಾಗಿ ಒಂದೇ ಊರಿನಲ್ಲಿ ಎರಡು ಮೂರು ಬಗೆಯ ಗಾಳಿ ಇದೆ. ಯಂತ್ರವನ್ನು ಆರಿಸುವ ವಿವೇಕ ಆರಂಭವಾಗಬೇಕಾದುದು ಅಂಗಡಿಯಲ್ಲಲ್ಲ, ಇಲ್ಲಿ.

ಮೊದಲು ಅಳತೆಯ ಮಾತು. ಗಾಳಿಯಲ್ಲಿ ತೇಲುವ ಕಣಗಳಲ್ಲಿ 2.5 ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ತಲೆಗೂದಲಿನ ದಪ್ಪದಲ್ಲಿ ಇವು ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ ತೂಕ ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಂ, ಒಂದು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವನ್ನು ಕ್ರಮವಾಗಿ 5 ಮತ್ತು 15ಕ್ಕೆ ಇಳಿಸಿತು. ಬೆಂಗಳೂರಿನ ವಾರ್ಷಿಕ ಸರಾಸರಿ 30ರ ಆಸುಪಾಸಿನಲ್ಲಿರುತ್ತದೆ. ದೇಶದ ಮಿತಿಯೊಳಗೆ ಇದ್ದೇವೆಂದು ಸಮಾಧಾನಪಡಬಹುದು. ವಿಶ್ವ ಸಂಸ್ಥೆಯ ಮಿತಿಗೆ ಹೋಲಿಸಿದರೆ ಅದು ಹಲವು ಪಟ್ಟು. ದೆಹಲಿಯ ಚಳಿಗಾಲದ ಹೊಗೆಯನ್ನು ತೋರಿಸಿ ಭಯ ಹುಟ್ಟಿಸುವ ಜಾಹೀರಾತು ನಮಗೆ ಅನ್ವಯಿಸದು. ನಮ್ಮ ಊರಿಗೆ ಏನೂ ಆಗಿಲ್ಲವೆಂಬ ಹೆಮ್ಮೆಯೂ ಸಲ್ಲದು. ನಗರದ ಲೇಕ್‌ಸೈಡ್ ಆಸ್ಪತ್ರೆಯ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ ಮಕ್ಕಳ ಉಬ್ಬಸದ ಪ್ರಮಾಣ 1979ರಲ್ಲಿ ಶೇಕಡ 9 ಇದ್ದುದು 1999ರ ವೇಳೆಗೆ ಶೇಕಡ 29.5ಕ್ಕೆ ಏರಿತ್ತು.

ನಿತ್ಯದ ಸೂಚ್ಯಂಕವನ್ನು ತಿಳಿಯಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಎಂಬ ಮೊಬೈಲ್ ಸೌಲಭ್ಯವಿದೆ. ಉಲ್ಲಾಳದವರು ನೋಡಬೇಕಾದುದು ಮೈಲಸಂದ್ರದ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಳತೆ ಕೇಂದ್ರವನ್ನು. ವಿಜಯನಗರದ ಕಡೆಯವರಿಗೆ ಬಾಪೂಜಿನಗರದ್ದು ಹತ್ತಿರ. ಸೂಚ್ಯಂಕ 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ. ಅಲ್ಲಿಂದಾಚೆ ಕೆಡುತ್ತ ಹೋಗುತ್ತದೆ. ಒಂದು ತಿಂಗಳು ನಿತ್ಯವೂ ಬರೆದಿಟ್ಟುಕೊಂಡರೆ ಮನೆಯವರಿಗೇ ಒಂದು ಅಂದಾಜು ಬರುತ್ತದೆ. ಮಳೆಗಾಲದಲ್ಲಿ ಯಂತ್ರದ ಅಗತ್ಯ ಬಹುಮಂದಿಗೆ ಇಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳೇ ಕಠಿಣ. ಆಗ ಮುಂಜಾನೆ ನೆಲದ ಬಳಿಯ ತಂಪು ಗಾಳಿ ಮೇಲೇರದೆ ಹೊಗೆ, ಧೂಳುಗಳನ್ನು ಮುಚ್ಚಳದಂತೆ ಅಡಗಿಸಿಕೊಂಡಿರುತ್ತದೆ. ಬಿಸಿಲು ಏರಿದ ಮೇಲೆ ಅದು ಚದುರುತ್ತದೆ. ಹಾಗಾಗಿ ಚಳಿಗಾಲದಲ್ಲಿ ಕಿಟಕಿ ತೆರೆಯಲು ಮಧ್ಯಾಹ್ನವೇ ಒಳ್ಳೆಯ ವೇಳೆ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಬಾಗಿಲು ತೆರೆದಿಡುವ ಹಿರಿಯರಿಗೆ ಇದು ರುಚಿಸದಿರಬಹುದು. ಉಬ್ಬಸದವರು ಮನೆಯಲ್ಲಿದ್ದರೆ ಆ ಪದ್ಧತಿಯನ್ನು ಕೆಲವು ತಿಂಗಳು ಬದಲಿಸಿಕೊಳ್ಳುವುದೇ ಲೇಸು.

ಇನ್ನು ಮನೆಯೊಳಗಿನ ಹೊಗೆ. ಇದನ್ನು ಹೇಳಲು ತುಸು ಸಂಕೋಚವಾದರೂ ಹೇಳದೆ ವಿಧಿಯಿಲ್ಲ. ಅಷ್ಟವಿಧಾರ್ಚನೆಯಲ್ಲಿ ಧೂಪಕ್ಕೆ ಸ್ಥಾನವಿದೆ, ನಿಜ. ಆದರೆ ಕಿಟಕಿಯಿಲ್ಲದ ಸಣ್ಣ ಪೂಜಾಕೋಣೆಯಲ್ಲಿ ಕಟ್ಟುಗಟ್ಟಲೆ ಊದುಬತ್ತಿ ಹಚ್ಚಿ, ಪಕ್ಕದ ಕೋಣೆಯಲ್ಲಿ ಯಂತ್ರವನ್ನು ಓಡಿಸುವುದು ಒಂದು ಕೈಯಿಂದ ತುಂಬಿ ಇನ್ನೊಂದು ಕೈಯಿಂದ ಚೆಲ್ಲಿದಂತೆ. ಒಂದೇ ಕಡ್ಡಿ ಸಾಕು, ಅದೂ ಕಿಟಕಿಯ ಬಳಿ. ಸೊಳ್ಳೆಬತ್ತಿಯದು ಇದಕ್ಕಿಂತ ಘೋರ. 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ ಒಂದು ಸುರುಳಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮ. ರಾತ್ರಿ ಮಗುವಿನ ಹಾಸಿಗೆಯ ಕೆಳಗೆ ಸೊಳ್ಳೆಬತ್ತಿ ಇಡುವ ಮನೆಗೆ ಯಂತ್ರಕ್ಕಿಂತ ಮೊದಲು ಬೇಕಾದುದು ಸೊಳ್ಳೆಪರದೆ. ಇದರ ಬೆಲೆ ಕೆಲವು ನೂರು ರೂಪಾಯಿ ಮಾತ್ರ.

ಇಷ್ಟಾದ ಮೇಲೂ ಯಂತ್ರ ಬೇಕೆನಿಸಿದರೆ ಅದರೊಳಗಿನ ಜಾಳಿಗೆಯನ್ನು ವಿಚಾರಿಸಬೇಕು. ಕಣಗಳಿಗೆ ‘ಹೆಪಾ’ ಎಂಬ ಜಾಳಿಗೆಯೇ ಬೇಕು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡ 99.97ನ್ನು ಅದು ಹಿಡಿಯಬೇಕೆಂಬುದು ನಿಯಮ. ಆ ಗಾತ್ರವನ್ನೇ ಏಕೆ ಆರಿಸಿದರೆಂದರೆ, ಅದಕ್ಕಿಂತ ದೊಡ್ಡವು ಎಳೆಗಳಿಗೆ ನೇರವಾಗಿ ಬಡಿದು ಅಂಟುತ್ತವೆ, ತೀರ ಸಣ್ಣವು ಅತ್ತಿತ್ತ ಚಡಪಡಿಸುತ್ತ ಹೋಗಿ ಎಳೆಗಳಿಗೆ ಸಿಕ್ಕಿಬೀಳುತ್ತವೆ. ನಡುವಿನವೇ ತಪ್ಪಿಸಿಕೊಳ್ಳುವುದರಲ್ಲಿ ನಿಪುಣ. ‘ಹೆಪಾ ಮಾದರಿ’ ಎಂದು ಬರೆದಿರುವುದು ಹೆಪಾ ಅಲ್ಲ. ಇನ್ನು ವೃಷಭಾವತಿಯ ದುರ್ವಾಸನೆ. ಕೊಳಚೆ ನೀರಿನಿಂದೇಳುವ ಆ ನಾತ ಅನಿಲರೂಪದ್ದು. ಹೆಪಾ ಅದನ್ನು ತಡೆಯಲಾರದು. ಅದಕ್ಕೆ ಕ್ರಿಯಾಶೀಲ ಇದ್ದಿಲಿನ ದಪ್ಪ ಪದರ ಬೇಕು. ಕಪ್ಪು ಬಣ್ಣದ ತೆಳುವಾದ ಬಟ್ಟೆಯನ್ನು ತೋರಿಸಿ ‘ಇದ್ದಿಲು ಇದೆ’ ಎನ್ನುವ ಮಾರಾಟಗಾರರ ಮಾತಿಗೆ ಮರುಳಾಗಬಾರದು. ಇದ್ದಿಲಿನ ತೂಕ ಎಷ್ಟೆಂದು ಕೇಳಬೇಕು. ಹೊಳೆಯಿಂದ ದೂರವಿರುವ ಮನೆಯವರು ಈ ಪದರಕ್ಕೆ ಹೆಚ್ಚು ಹಣ ತೆರುವ ಕಾರಣವಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಗಾತ್ರದಲ್ಲಿ. ಯಂತ್ರ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆಂಬ ಅಂಕಿಯನ್ನು ಸಿ.ಎ.ಡಿ.ಆರ್. ಎಂಬ ಹೆಸರಿನಲ್ಲಿ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಮಲಗುವ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಉಬ್ಬಸದವರಿದ್ದಲ್ಲಿ ಗಂಟೆಗೆ ಐದು ಬಾರಿಯಾದರೂ ಅದು ಶೋಧಿಸಲ್ಪಡಬೇಕು. ಅಂದರೆ ಗಂಟೆಗೆ 170 ಘನ ಮೀಟರ್. ಅದೇ ಯಂತ್ರವನ್ನು ಹದಿನೈದಕ್ಕೆ ಇಪ್ಪತ್ತು ಅಡಿಯ ಹಜಾರದಲ್ಲಿಟ್ಟರೆ ಗಂಟೆಗೆ ಎರಡೇ ಬಾರಿ ಶೋಧನೆ. ಮೇಲಾಗಿ ಆ ಅಂಕಿ ಯಂತ್ರದ ಗರಿಷ್ಠ ವೇಗದ್ದು. ರಾತ್ರಿ ಸದ್ದಾಗುತ್ತದೆಂದು ವೇಗ ತಗ್ಗಿಸಿದೊಡನೆ ಶಕ್ತಿಯೂ ತಗ್ಗುತ್ತದೆ. ಆದ್ದರಿಂದ ಮೇಲಿನ ಕೋಣೆಗೆ 250ರ ಸುಮಾರಿನ ಯಂತ್ರವನ್ನು ತಂದು ಮಧ್ಯಮ ವೇಗದಲ್ಲಿ ಓಡಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ. ಮನೆಗೆಲ್ಲ ಒಂದೇ ಯಂತ್ರವೆಂಬ ಆಸೆ ಬೇಡ. ರೋಗಿ ಮಲಗುವ ಕೋಣೆಯೊಂದನ್ನು ಆರಿಸಿ, ಬಾಗಿಲು ಕಿಟಕಿ ಮುಚ್ಚಿ ಅಲ್ಲಿಯೇ ಓಡಿಸಿದರೆ ದಿನದ ಮೂರನೆಯ ಒಂದು ಪಾಲು ಹೊತ್ತಾದರೂ ಒಳ್ಳೆಯ ಉಸಿರು ದೊರೆಯುತ್ತದೆ. 40 ವ್ಯಾಟಿನ ಯಂತ್ರ ಹತ್ತು ಗಂಟೆ ಓಡಿದರೆ ತಿಂಗಳಿಗೆ 12 ಯೂನಿಟ್ ವಿದ್ಯುತ್ ಸಾಕು. ಆದರೆ ಮುಚ್ಚಿದ ಕೋಣೆಯಲ್ಲಿ ನಾವು ಬಿಟ್ಟ ಉಸಿರಿನ ಇಂಗಾಲಾಮ್ಲವನ್ನು ಯಾವ ಜಾಳಿಗೆಯೂ ಹಿಡಿಯದು, ಹಗಲು ತೆರೆಯಲೇಬೇಕು.

ಅಯಾನು, ಓಜೋನ್ ಉತ್ಪಾದಿಸಿ ಗಾಳಿಯನ್ನು ತಾಜಾ ಮಾಡುವುದೆನ್ನುವ ಯಂತ್ರಗಳನ್ನು ದೂರವಿಡುವುದು ಕ್ಷೇಮ; ಓಜೋನ್ ಶ್ವಾಸನಾಳವನ್ನು ಕೆರಳಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2010ರಿಂದಲೇ ಅದಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ಕುಂಡದ ಗಿಡಗಳು ಗಾಳಿ ಶುದ್ಧ ಮಾಡುತ್ತವೆಂಬ ನಂಬಿಕೆಯೂ ವ್ಯಾಪಕವಾಗಿದೆ. ಮನೆಯಲ್ಲಿ ಗಿಡವಿರುವುದು ಕಣ್ಣಿಗೆ ತಂಪು, ಮನಸ್ಸಿಗೆ ಹಿತ. ಆದರೆ 2019ರ ಒಂದು ಸಮೀಕ್ಷೆಯ ಲೆಕ್ಕದಲ್ಲಿ, ಆ ಕೆಲಸಕ್ಕೆ ನೆಲದ ಚದರ ಮೀಟರಿಗೆ ಕಡಿಮೆಯೆಂದರೂ ಹತ್ತು ಗಿಡ ಬೇಕಾದೀತು.

ಖಾಲಿ ನಿವೇಶನಗಳಲ್ಲಿ ಒಣ ಎಲೆಗೂ ಕಸಕ್ಕೂ ಬೆಂಕಿಯಿಡುವ ರೂಢಿ ನಮ್ಮ ಬಡಾವಣೆಗಳಲ್ಲಿ ಇನ್ನೂ ತಪ್ಪಿಲ್ಲ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರು ಹೂಡಿದ್ದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ, ಹೀಗೆ ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ವಿಧಿಸಿತು. ನೆರೆಯವರೊಡನೆ ಜಗಳಕ್ಕೆ ನಿಲ್ಲುವ ಬದಲು ಈ ಆದೇಶವನ್ನು ಸೌಮ್ಯವಾಗಿ ತಿಳಿಸಿ, ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕಿಸಬಹುದು. ನಿಮ್ಮ ಕಿಟಕಿಯ ಕೆಳಗೆ ಉರಿಯುವ ಒಂದು ರಾಶಿಯ ಹೊಗೆಯನ್ನು ಮೈಲಸಂದ್ರದ ಅಳತೆ ಕೇಂದ್ರ ಕಾಣಲಾರದು.

ಕೊಳ್ಳುವ ದಿನವೇ ಬದಲಿ ಜಾಳಿಗೆಯ ಬೆಲೆಯನ್ನೂ ಅದು ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವುದೇ ಎಂಬುದನ್ನೂ ವಿಚಾರಿಸಿರಿ. ಅಗ್ಗದ ಯಂತ್ರಕ್ಕೆ ದುಬಾರಿ ಜಾಳಿಗೆ ಇರುವುದುಂಟು. ರಸ್ತೆಯ ಧೂಳು ಹೆಚ್ಚಿರುವ ಕಡೆ ಹೊರಗಿನ ಒರಟು ಜಾಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ಶುಚಿಗೊಳಿಸಬೇಕು. ಒಳಗಿನ ಹೆಪಾವನ್ನು ಮಾತ್ರ ತೊಳೆಯಬಾರದು, ನೀರು ತಾಕಿದರೆ ಕೆಟ್ಟಿತು. ಅದನ್ನು ಬದಲಿಸುವಾಗ ಮಹಡಿಗೋ ಅಂಗಳಕ್ಕೋ ಒಯ್ದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹಳೆಯದನ್ನು ಕೊಡವದೆ ಚೀಲದಲ್ಲಿ ಕಟ್ಟಿ ಒಣಕಸಕ್ಕೆ ಕೊಡಿರಿ. ಉಬ್ಬಸವಿರುವವರು ಈ ಕೆಲಸಕ್ಕೆ ಕೈಹಾಕದಿರಲಿ.